ಹಂಚಿಕೊಂಡ ನೆಟ್‌ವರ್ಕ್‌ನಲ್ಲಿ ಪ್ರೈವೇಟ್ ಕ್ಲೌಡ್: ಡಿಎಚ್‌ಸಿಪಿ ಗೊಂದಲ ಬಿಡಿಸುವ ಸಮಗ್ರ ಮಾರ್ಗದರ್ಶಿ

ಹೊಸ ವಿಎಂ (ವರ್ಚುವಲ್ ಮಷೀನ್) ಎದ್ದಿದೆ, ಐಪಿ ವಿಳಾಸವೂ ಸಿಕ್ಕಿದೆ. ಆದರೆ ಅದು ನೀವು ಇಟ್ಟ ರೇಂಜ್‌ನದ್ದಲ್ಲ. ಅಥವಾ ಇದರ ಉಲ್ಟಾ: ನಿಮ್ಮ ಕ್ಲೌಡ್ ಚೆನ್ನಾಗಿಯೇ ಓಡುತ್ತಿದೆ, ಆದರೆ ಅದೇ ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್ ಸತ್ತಿದೆ, ಪಕ್ಕದ ವಿಭಾಗದವರ ಲ್ಯಾಪ್‌ಟಾಪ್‌ಗಳಿಗೆ ಇಂಟರ್ನೆಟ್ ಹೋಗಿದೆ, ಎಲ್ಲರ ಬೆರಳೂ ನಿಮ್ಮ ಕಡೆಗೇ ತಿರುಗಿದೆ. ಕ್ಲೌಡ್‌ಗೆ ಪ್ರತ್ಯೇಕ ನೆಟ್‌ವರ್ಕ್ ಸಿಗದೆ, ಇದ್ದ ಲ್ಯಾನ್‌ಗೇ ಬ್ರಿಡ್ಜ್ (ವಿಎಂಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಸೇರಿಸುವ ಸಾಫ್ಟ್‌ವೇರ್ ಸ್ವಿಚ್) ಹಾಕಿದವರಿಗೆ ಇದು ಇವತ್ತಲ್ಲ ನಾಳೆ ಎದುರಾಗುವ ತಲೆನೋವು. ಓಪನ್‌ಸ್ಟ್ಯಾಕ್, ಕ್ಲೌಡ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್, ಬರೀ ಕೆವಿಎಂ, ಯಾವುದನ್ನೇ ಓಡಿಸುತ್ತಿರಿ, ಮೂಲ ಒಂದೇ: ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ.

ನೆಟ್‌ವರ್ಕ್ ಕೆಟ್ಟಾಗ ಜನ ಎರಡು ಬೇರೆ ಬೇರೆ ತೊಂದರೆಗಳನ್ನು ಸೇರಿಸಿ "ಡಿಎಚ್‌ಸಿಪಿ ಕಾನ್‌ಫ್ಲಿಕ್ಟ್" ಅಂದುಬಿಡುತ್ತಾರೆ. ಒಂದು, ಒಂದೇ ಲ್ಯಾನ್‌ನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್‌ಗಳು ಉತ್ತರ ಕೊಡುವುದು. ಇನ್ನೊಂದು, ಎರಡು ಯಂತ್ರಗಳಿಗೆ ಒಂದೇ ಐಪಿ ಬೀಳುವುದು. ಮೊದಲನೆಯದು ಇಲ್ಲದೆಯೂ ಎರಡನೆಯದು ಆಗಬಹುದು. ಎರಡಕ್ಕೂ ಮದ್ದು ಬೇರೆ. ಯಾವುದು ಅಂತ ತಿಳಿಯದೆ ಕೈ ಹಾಕಿದರೆ ಅರ್ಧ ದಿನ ಸುಮ್ನೆ ಹಾಳು.

## ಸ್ವಲ್ಪ ಹಿನ್ನೆಲೆ, ಬೇಕಾದಷ್ಟು ಮಾತ್ರ

ಐಪಿ ಇಲ್ಲದ ಯಂತ್ರ ಎದ್ದಾಗ 0.0.0.0 ವಿಳಾಸದಿಂದ 255.255.255.255ಕ್ಕೆ ಒಂದು ಡಿಸ್ಕವರ್ ಕೂಗು ಹಾಕುತ್ತದೆ. ಸರ್ವರ್ ಆಫರ್ ಕಳಿಸುತ್ತದೆ. ಯಂತ್ರ ರಿಕ್ವೆಸ್ಟ್ ಹಾಕುತ್ತದೆ, ಸರ್ವರ್ ಆಕ್ ಕೊಡುತ್ತದೆ. ಸರ್ವರ್ ಯುಡಿಪಿ ಪೋರ್ಟ್ 67ರಲ್ಲಿ, ಕ್ಲೈಂಟ್ 68ರಲ್ಲಿ. 1997ರ ಆರ್‌ಎಫ್‌ಸಿ 2131ರಿಂದ ಇವತ್ತಿನವರೆಗೆ ಇಷ್ಟೇ ಕಥೆ.

ಈ ಕೂಗು ಬ್ರಾಡ್‌ಕಾಸ್ಟ್. ಆ ಲ್ಯಾನ್‌ನಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ. "ನಾನೇ ಅಸಲಿ ಸರ್ವರ್" ಎಂದು ಸಾಬೀತು ಮಾಡುವ ಏರ್ಪಾಡು ಬಳಕೆಯಲ್ಲಿ ಇಲ್ಲ. ಬಹುತೇಕ ಕ್ಲೈಂಟ್‌ಗಳು ಮೊದಲು ಬಂದ ಆಫರ್ ಅನ್ನೇ ಹಿಡಿದುಕೊಳ್ಳುತ್ತವೆ. ಇದರಲ್ಲೊಂದು ವಿಪರ್ಯಾಸವಿದೆ. ಆಫರ್ ಕೊಡುವ ಮುಂಚೆ ಆ ಐಪಿಯನ್ನು ಪಿಂಗ್ ಮಾಡಿ, ಯಾರೂ ಬಳಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವ ಸರ್ವರ್ ತಡವಾಗಿ ಉತ್ತರಿಸುತ್ತದೆ. ಏನೂ ನೋಡದೆ ಕೊಟ್ಟುಬಿಡುವುದು ಗೆಲ್ಲುತ್ತದೆ. ಅದೇ ಬ್ರಿಡ್ಜ್ ಮೇಲೆ ಕೂತಿರುವ ಸರ್ವರ್‌ಗೂ ಇದೇ ಅನುಕೂಲ, ದೂರದ ಅಸಲಿ ಸರ್ವರ್‌ಗಿಂತ ಅದರ ಮಾತು ಬೇಗ ತಲುಪುತ್ತದೆ.

ಲೀಸ್ ಅವಧಿಯನ್ನೂ, ಅಂದರೆ ಐಪಿ ಎಷ್ಟು ಹೊತ್ತಿಗೆ ಕೊಟ್ಟದ್ದು ಅನ್ನುವುದನ್ನೂ, ನೆನಪಿಡಿ. ಅರ್ಧ ಅವಧಿ ಮುಗಿದಾಗ ಕ್ಲೈಂಟ್ ತನಗೆ ಐಪಿ ಕೊಟ್ಟ ಸರ್ವರ್‌ನ ಬಳಿಯೇ ನೇರವಾಗಿ ಹೋಗಿ ನವೀಕರಣ ಕೇಳುತ್ತದೆ. ಅಲ್ಲಿ ಉತ್ತರ ಸಿಗದಿದ್ದರೆ ಶೇಕಡಾ 87.5ರ ಹೊತ್ತಿಗೆ ಮತ್ತೆ ಎಲ್ಲರಿಗೂ ಕೂಗುತ್ತದೆ. ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ಭಾಗವಾದ ನ್ಯೂಟ್ರಾನ್ ಕೊಡುವ ಡಿಫಾಲ್ಟ್ ಲೀಸ್ 86,400 ಸೆಕೆಂಡ್, ಅಂದರೆ ಒಂದು ದಿನ. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನದ್ದು 8 ದಿನ. "ಸೋಮವಾರ ಕ್ಲೌಡ್ ಹಾಕಿದೆವು, ಅವತ್ತು ಏನೂ ಆಗಲಿಲ್ಲ, ಆಮೇಲೆ ಒಂದೊಂದೇ ಯಂತ್ರ ಹೋಯಿತು" ಎನ್ನುವ ದೂರಿನ ಗುಟ್ಟು ಇಲ್ಲಿದೆ. ಹಳೇ ಲೀಸ್ ಇರುವವರೆಗೆ ಯಂತ್ರಗಳು ಹೊಸ ಸರ್ವರ್ ಮಾತು ಕೇಳುವುದೇ ಇಲ್ಲ. ರೀಬೂಟ್ ಆದವು ಮೊದಲು ಸಿಕ್ಕಿಬೀಳುತ್ತವೆ.

## ಹಂತ 1: ಏನನ್ನೂ ರೀಸ್ಟಾರ್ಟ್ ಮಾಡಬೇಡಿ

ಕೈ ತುರಿಸುತ್ತದೆ, ಗೊತ್ತು. ಆದರೂ ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ಲೀಸ್ ಬದಲಾಗಬಹುದು, ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಕಾರ್ಡ್‌ನದ್ದು ಅನ್ನುವ ಪಟ್ಟಿ) ಅಳಿಯುತ್ತದೆ, ಕಳ್ಳ ಯಾರು ಅನ್ನುವ ಸುಳಿವೂ ಅಳಿಯುತ್ತದೆ.

ತೊಂದರೆಯಾದ ಒಂದು ಯಂತ್ರದ ಮುಂದೆ ಕೂತು ನಾಲ್ಕು ವಿಷಯ ಬರೆದುಕೊಳ್ಳಿ: ಐಪಿ, ಗೇಟ್‌ವೇ, ಡಿಎನ್‌ಎಸ್ ಮತ್ತು ಲೀಸ್ ಕೊಟ್ಟ ಸರ್ವರ್‌ನ ವಿಳಾಸ. ನಾಲ್ಕನೆಯದೇ ಮುಖ್ಯ. ವಿಂಡೋಸ್‌ನಲ್ಲಿ ಐಪಿಕಾನ್‌ಫಿಗ್‌ಗೆ ಆಲ್ ಆಯ್ಕೆ ಕೊಟ್ಟರೆ ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲೇ ಕಾಣುತ್ತದೆ. ಲಿನಕ್ಸ್‌ನಲ್ಲಿ ಡಿಎಚ್‌ಕ್ಲೈಂಟ್ ಇದ್ದರೆ ಅದರ ಲೀಸ್ ಫೈಲ್ ತೆರೆಯಿರಿ, ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ಎನ್‌ಎಂಸಿಎಲ್‌ಐ ಮೂಲಕ ಆ ಡಿವೈಸ್‌ನ ಪೂರ್ತಿ ವಿವರ ಕೇಳಿ.

ಆ ಸರ್ವರ್ ವಿಳಾಸ ನಿಮಗೆ ಗೊತ್ತಿರುವ ಅಸಲಿ ಸರ್ವರ್‌ನದ್ದೇ? ಹಾಗಿದ್ದರೆ ಬೇರೆ ಸರ್ವರ್ ಇದೆ ಎಂಬ ಅನುಮಾನ ಸದ್ಯಕ್ಕೆ ಬದಿಗಿಡಿ, ನೇರ ಹಂತ 4ಕ್ಕೆ ಹೋಗಿ. ಬೇರೆಯದೇ? ಹಂತ 2. ಐಪಿಯೇ 169.254 ಅಂತ ಶುರುವಾಗುತ್ತಿದೆಯೇ? ಹಾಗಾದರೆ ಯಾರ ಉತ್ತರವೂ ತಲುಪಿಲ್ಲ, ಯಂತ್ರ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ಅದು ಜಗಳವೇ ಅಲ್ಲ, ಹಂತ 5 ನೋಡಿ.

ಬಂದ ವಿಳಾಸದ ರೇಂಜ್ ನೋಡಿದರೇ ಎಷ್ಟೋ ಸಲ ಅಪರಾಧಿ ಗೊತ್ತಾಗುತ್ತದೆ. 192.168.122 ಅಂದರೆ ಲಿಬ್‌ವರ್ಟ್‌ನ ಡಿಫಾಲ್ಟ್ ನೆಟ್‌ವರ್ಕ್. 192.168.137 ಅಂದರೆ ಯಾರೋ ವಿಂಡೋಸ್‌ನಲ್ಲಿ ಇಂಟರ್ನೆಟ್ ಶೇರಿಂಗ್ ಆನ್ ಮಾಡಿದ್ದಾರೆ. 192.168.56 ಅಂದರೆ ವರ್ಚುವಲ್‌ಬಾಕ್ಸ್‌ನ ಹೋಸ್ಟ್-ಓನ್ಲಿ ನೆಟ್‌ವರ್ಕ್. 192.168.0 ಅಥವಾ 192.168.1 ಬಂದರೆ, ಮೇಜಿನ ಕೆಳಗೆ ಯಾರೋ ಸಣ್ಣ ವೈಫೈ ರೌಟರ್ ಇಟ್ಟು ಕೇಬಲನ್ನು ವ್ಯಾನ್ ಪೋರ್ಟ್ ಬದಲು ಲ್ಯಾನ್ ಪೋರ್ಟ್‌ಗೆ ಚುಚ್ಚಿರುವ ಸಾಧ್ಯತೆ ಜಾಸ್ತಿ. ಕ್ಲೌಡ್‌ಗೆ ಬೈಯುವ ಮುಂಚೆ ಈ ಕೊನೆಯದನ್ನು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.

## ಹಂತ 2: ತಂತಿಯ ಮೇಲೆ ಏನು ಓಡುತ್ತಿದೆ ನೋಡಿ

ಈ ಕೆಲಸಕ್ಕೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಸಾಕು. ಕ್ಲೌಡ್ ಹೋಸ್ಟ್‌ನಲ್ಲಿ ಬ್ರಿಡ್ಜ್ ಇಂಟರ್‌ಫೇಸ್ ಮೇಲೆ ಓಡಿಸಿ, ಪೋರ್ಟ್ 67 ಅಥವಾ 68 ಅನ್ನುವ ಫಿಲ್ಟರ್ ಕೊಡಿ. ಎರಡು ಆಯ್ಕೆ ಮರೆಯಬೇಡಿ. ಸಣ್ಣ ಅಕ್ಷರದ "ಇ" ಕೊಟ್ಟರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಕಾಣುತ್ತದೆ, "ವಿ" ಎರಡು ಸಲ ಕೊಟ್ಟರೆ ಡಿಎಚ್‌ಸಿಪಿ ಆಯ್ಕೆಗಳೆಲ್ಲ ಬಿಡಿಸಿ ತೋರುತ್ತದೆ. ಈಗ ಒಂದು ಟೆಸ್ಟ್ ವಿಎಂನಿಂದ ಹೊಸದಾಗಿ ಐಪಿ ಕೇಳಿ.

ಅಸಲಿ ಸರ್ವರ್ 10.20.0.2, ನಿಮ್ಮ ಕ್ಲೌಡ್ ಪೂಲ್ 10.20.0.200ರಿಂದ 10.20.0.249 ಅಂತ ಇಟ್ಟುಕೊಳ್ಳಿ. ಕಾಣುವುದು ಹೀಗಿರುತ್ತದೆ:

10:42:07.118 — 52:54:00:ಎ1:07:3ಸಿ ಇಂದ ಎಲ್ಲರಿಗೂ: ಡಿಸ್ಕವರ್
10:42:07.121 — 08:00:27:4ಡಿ:90:1ಎಫ್ ಇಂದ: ಆಫರ್ 10.20.0.61, ಸರ್ವರ್ ಐಡಿ 10.20.0.77
10:42:07.124 — ವಿಎಂ ಇಂದ: ರಿಕ್ವೆಸ್ಟ್ 10.20.0.61, ಸರ್ವರ್ ಐಡಿ 10.20.0.77
10:42:08.130 — ಅಸಲಿ ಸರ್ವರ್‌ನಿಂದ: ಆಫರ್ 10.20.0.204, ಸರ್ವರ್ ಐಡಿ 10.20.0.2

ಸಮಯ ಗಮನಿಸಿ. ಮೊದಲ ಆಫರ್ 3 ಮಿಲಿಸೆಕೆಂಡ್‌ಗೆ ಬಂದಿದೆ, ಅಸಲಿ ಆಫರ್ ಒಂದು ಸೆಕೆಂಡ್ ಕಳೆದು. ಅಷ್ಟರಲ್ಲಿ ವಿಎಂ ಬೇರೆಯವರಿಗೆ ಹೂಂ ಅಂದಾಗಿದೆ. ಒಂದೇ ಡಿಸ್ಕವರ್‌ಗೆ ಬೇರೆ ಬೇರೆ ಸರ್ವರ್ ಐಡಿಯ ಎರಡು ಆಫರ್ ಕಂಡರೆ ಸರ್ವರ್‌ಗಳ ಜಗಳ ಖಚಿತ. ಡಿಎಚ್‌ಸಿಪಿಯಲ್ಲಿ ಸರ್ವರ್ ಐಡಿ 54ನೇ ಆಯ್ಕೆ. ಟಿಸಿಪಿಡಂಪ್‌ನಲ್ಲಿ ಆ ಹೆಸರಿನ ಸಾಲನ್ನೇ ಹುಡುಕಿ.

ಎನ್‌ಮ್ಯಾಪ್ ಜೊತೆ ಬರುವ ಬ್ರಾಡ್‌ಕಾಸ್ಟ್-ಡಿಎಚ್‌ಸಿಪಿ-ಡಿಸ್ಕವರ್ ಸ್ಕ್ರಿಪ್ಟ್ ಕೂಡ ಇದೇ ಕೆಲಸಕ್ಕೆ ಇದೆ. ಅದೇ ಸುಳ್ಳು ಡಿಸ್ಕವರ್ ಹಾಕಿ ಯಾರ್ಯಾರು ಉತ್ತರ ಕೊಡುತ್ತಾರೆ ಹೇಳುತ್ತದೆ. ಒಳ್ಳೆಯ ಸಾಧನ, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಅದು ಬಳಸುವುದು ತನ್ನದೇ ಒಂದು ಕಾಲ್ಪನಿಕ ಮ್ಯಾಕ್ ವಿಳಾಸ. ನ್ಯೂಟ್ರಾನ್ ನಡೆಸುವ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಡಿಎಚ್‌ಸಿಪಿ ಸರ್ವರ್ ತನ್ನ ಪಟ್ಟಿಯಲ್ಲಿರುವ ಮ್ಯಾಕ್‌ಗಳಿಗೆ ಮಾತ್ರ ಐಪಿ ಕೊಡುತ್ತದೆ, ಅಪರಿಚಿತರಿಗೆ ಕೊಡುವುದಿಲ್ಲ. ಹಾಗಾಗಿ "ಸ್ಕ್ರಿಪ್ಟ್‌ಗೆ ಒಂದೇ ಸರ್ವರ್ ಸಿಕ್ಕಿತು, ಆದ್ದರಿಂದ ಒಂದೇ ಇದೆ" ಅನ್ನುವ ತೀರ್ಮಾನಕ್ಕೆ ಬರಬೇಡಿ. ತೊಂದರೆಗೆ ಸಿಕ್ಕಿದ ವಿಎಂನಿಂದಲೇ ಕೇಳಿಸಿ ನೋಡಬೇಕು.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಓಪನ್‌ಸ್ಟ್ಯಾಕ್ ಪ್ರೊವೈಡರ್ ನೆಟ್‌ವರ್ಕ್‌ನಲ್ಲಿ (ಇದ್ದ ಲ್ಯಾನ್‌ಗೇ ನೇರ ಸೇರಿದ ನೆಟ್‌ವರ್ಕ್) ನಿಮ್ಮ ಸರ್ವರ್ ಅಕ್ಕಪಕ್ಕದವರಿಗೆ ಐಪಿ ಹಂಚುವುದು ಅಪರೂಪ. ಅಕ್ಕಪಕ್ಕದ ಸರ್ವರ್ ನಿಮ್ಮ ವಿಎಂಗಳಿಗೆ ಐಪಿ ಹಂಚುವುದೇ ಮಾಮೂಲು. ಬರೀ ಡಿಎನ್‌ಎಸ್‌ಮಾಸ್ಕ್ ಹಾಕಿ ರೇಂಜ್ ಕೊಟ್ಟವರ ಕಥೆ ಉಲ್ಟಾ. ಅವರ ಸರ್ವರ್ ಕೇಳಿದವರಿಗೆಲ್ಲ ಕೊಡುತ್ತದೆ.

ಆಫರ್ ಅಲ್ಲದೆ ನಾಕ್ (ಸರ್ವರ್‌ನ ನಿರಾಕರಣೆ) ಕೂಡ ಹುಡುಕಿ. ರೀಬೂಟ್ ಆದ ಯಂತ್ರ ಡಿಸ್ಕವರ್ ಬಿಟ್ಟು ನೇರ "ನನ್ನ ಹಳೇ ಐಪಿಯೇ ಕೊಡಿ" ಅಂತ ರಿಕ್ವೆಸ್ಟ್ ಹಾಕುತ್ತದೆ. ಸರ್ವರ್ ಅಥಾರಿಟೇಟಿವ್ (ಈ ನೆಟ್‌ವರ್ಕ್‌ಗೆ ನಾನೇ ಅಧಿಕಾರಿ) ಅಂತ ಸೆಟ್ ಆಗಿದ್ದರೆ, ತನಗೆ ಗೊತ್ತಿರದ ನೆಟ್‌ವರ್ಕ್‌ನ ಐಪಿ ಕೇಳಿದವರಿಗೆ ನಾಕ್ ಕಳಿಸಿಬಿಡುತ್ತದೆ. ಹಂಚಿಕೊಂಡ ಲ್ಯಾನ್‌ನಲ್ಲಿ ಎರಡನೇ ಸರ್ವರ್ ಅಥಾರಿಟೇಟಿವ್ ಆಗಿರುವುದು ಅಂದರೆ ಬೇರೆಯವರ ಮನೆ ಬಾಗಿಲಲ್ಲಿ ನಿಂತು ಅವರ ನೆಂಟರನ್ನು ವಾಪಸ್ ಕಳಿಸಿದ ಹಾಗೆ.

## ಹಂತ 3: ಆ ಸರ್ವರ್ ಎಲ್ಲಿದೆ

ಆಫರ್ ಬಂದ ಫ್ರೇಮ್‌ನ ಮೂಲ ಮ್ಯಾಕ್ ನಿಮ್ಮ ಕೈಲಿದೆ. ಮೊದಲ ಮೂರು ಜೋಡಿ ನೋಡಿ. 52:54:00 ಇದ್ದರೆ ಕೆವಿಎಂ ವಿಎಂ. ಎಫ್‌ಎ:16:3ಇ ಇದ್ದರೆ ಓಪನ್‌ಸ್ಟ್ಯಾಕ್. 08:00:27 ವರ್ಚುವಲ್‌ಬಾಕ್ಸ್. 00:50:56 ಅಥವಾ 00:0ಸಿ:29 ವಿಎಂವೇರ್. 00:15:5ಡಿ ಹೈಪರ್-ವಿ. ಬಿಸಿ:24:11 ಇತ್ತೀಚಿನ ಪ್ರಾಕ್ಸ್‌ಮಾಕ್ಸ್. ಮೇಲಿನ ಉದಾಹರಣೆಯಲ್ಲಿ 08:00:27 ಇತ್ತಲ್ಲ, ಅಂದರೆ ಯಾರದೋ ವರ್ಚುವಲ್‌ಬಾಕ್ಸ್ ವಿಎಂ ಒಳಗೆ ಡಿಎಚ್‌ಸಿಪಿ ಸರ್ವರ್ ಓಡುತ್ತಿದೆ, ಅದರ ನೆಟ್‌ವರ್ಕ್ ಕಾರ್ಡ್ ಬ್ರಿಡ್ಜ್ ಮೋಡ್‌ನಲ್ಲಿದೆ.

ಮುಂದೆ ಆ ಮ್ಯಾಕ್ ಯಾವ ಪೋರ್ಟ್ ಹಿಂದಿದೆ ಅಂತ ಹುಡುಕಿ. ಲಿನಕ್ಸ್ ಬ್ರಿಡ್ಜ್ ಆದರೆ ಬ್ರಿಡ್ಜ್ ಕಮಾಂಡ್‌ನ ಎಫ್‌ಡಿಬಿ ಶೋ. ಓಪನ್ ವಿಸ್ವಿಚ್ ಆದರೆ ಓವಿಎಸ್-ಆಪ್‌ಸಿಟಿಎಲ್‌ಗೆ ಎಫ್‌ಡಿಬಿ ಶೋ. ಅದು ಟ್ಯಾಪ್ ಇಂಟರ್‌ಫೇಸ್ (ವಿಎಂನ ವರ್ಚುವಲ್ ಕಾರ್ಡ್‌ನ ಹೋಸ್ಟ್ ಕಡೆಯ ತುದಿ) ತೋರಿಸಿದರೆ ಅಪರಾಧಿ ನಿಮ್ಮದೇ ಹೋಸ್ಟ್‌ನ ವಿಎಂ, ವರ್ಶ್‌ನ ಡೊಮಿಫ್‌ಲಿಸ್ಟ್‌ನಿಂದ ಯಾವ ವಿಎಂ ಎಂದು ತಿಳಿಯುತ್ತದೆ. ಫಿಸಿಕಲ್ ಕಾರ್ಡ್ ತೋರಿಸಿದರೆ ಹೊರಗಿನವರು. ಆಗ ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಲು ನೆಟ್‌ವರ್ಕ್ ನೋಡಿಕೊಳ್ಳುವವರ ಸಹಾಯ ಬೇಕು. ಅವರ ಬಳಿ ಹೋಗುವಾಗ ಮ್ಯಾಕ್, ಸಮಯ, ಕ್ಯಾಪ್ಚರ್ ಫೈಲ್ ಮೂರನ್ನೂ ಒಯ್ಯಿರಿ. "ನಿಮ್ಮ ನೆಟ್‌ವರ್ಕ್ ಸರಿ ಇಲ್ಲ" ಅಂತ ಬರಿಗೈಲಿ ಹೋದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ನಡುವೆ ಡಿಎಚ್‌ಸಿಪಿ ರಿಲೇ (ಕೂಗನ್ನು ಬೇರೆ ನೆಟ್‌ವರ್ಕ್‌ನ ಸರ್ವರ್‌ಗೆ ದಾಟಿಸುವ ಏರ್ಪಾಡು) ಇದ್ದರೆ ಫ್ರೇಮ್‌ನ ಮ್ಯಾಕ್ ರೌಟರ್‌ನದ್ದಾಗಿರುತ್ತದೆ, ಸರ್ವರ್ ಬೇರೆಲ್ಲೋ ಇರುತ್ತದೆ. ಪ್ಯಾಕೆಟ್‌ನಲ್ಲಿ ಗೇಟ್‌ವೇ ಐಪಿ ಎಂಬ ಜಾಗ 0.0.0.0 ಅಲ್ಲದಿದ್ದರೆ ಅದು ರಿಲೇ ಮೂಲಕ ಬಂದದ್ದು.

ನಿಮ್ಮ ಹೋಸ್ಟ್‌ನಲ್ಲೇ ಡಿಎನ್‌ಎಸ್‌ಮಾಸ್ಕ್ ಎಷ್ಟು ಓಡುತ್ತಿವೆ ಅಂತಲೂ ಎಣಿಸಿ. ಲಿಬ್‌ವರ್ಟ್ ತನ್ನದನ್ನು ವರ್‌ಬಿಆರ್0 ಬ್ರಿಡ್ಜ್‌ಗೆ ಮಾತ್ರ ಕಟ್ಟಿರುತ್ತದೆ, ಅದರಿಂದ ಅಪಾಯವಿಲ್ಲ. ಆದರೆ "ವಿಎಂಗೆ ಹೊರಗಿನ ಲ್ಯಾನ್ ಬೇಕು" ಅಂತ ಯಾರಾದರೂ ಫಿಸಿಕಲ್ ಕಾರ್ಡನ್ನು ಅದೇ ಬ್ರಿಡ್ಜ್‌ಗೆ ಸೇರಿಸಿದರೆ ಮುಗಿಯಿತು, ಆ ಸರ್ವರ್ ಇಡೀ ಕಟ್ಟಡಕ್ಕೆ ಐಪಿ ಹಂಚಲು ಶುರು ಮಾಡುತ್ತದೆ. ಹೊರಗಿನ ಲ್ಯಾನ್ ಬೇಕಿದ್ದರೆ ಬೇರೆ ಬ್ರಿಡ್ಜ್ ಮಾಡಿ.

## ಹಂತ 4: ಸರ್ವರ್ ಒಂದೇ, ಆದರೂ ಎರಡು ಯಂತ್ರಕ್ಕೆ ಒಂದೇ ಐಪಿ

ನನಗೆ ಕೇಳಿದರೆ ಕ್ಲೌಡ್‌ಗಳಲ್ಲಿ ಜಾಸ್ತಿ ಕಾಡುವುದು ಇದೇ. ಕಂಡುಹಿಡಿಯುವುದೂ ಕಷ್ಟ, ಏಕೆಂದರೆ ಸರ್ವರ್ ಲಾಗ್‌ನಲ್ಲಿ ಎಲ್ಲವೂ ನೆಟ್ಟಗೆ ಕಾಣುತ್ತದೆ.

ಲಕ್ಷಣ ಹೀಗಿರುತ್ತದೆ: ಎಸ್‌ಎಸ್‌ಎಚ್ ಒಮ್ಮೆ ಸಿಗುತ್ತದೆ, ಒಮ್ಮೆ ಹೋಸ್ಟ್ ಕೀ ಬದಲಾಗಿದೆ ಅನ್ನುತ್ತದೆ, ಒಮ್ಮೆ ಸುಮ್ಮನೆ ನಿಂತುಬಿಡುತ್ತದೆ. ಖಚಿತ ಮಾಡಿಕೊಳ್ಳಲು ಅದೇ ಲ್ಯಾನ್‌ನ ಮೂರನೇ ಯಂತ್ರದಿಂದ ಆರ್ಪಿಂಗ್ (ಎಆರ್‌ಪಿ ಮೂಲಕ ಕೇಳುವ ಪಿಂಗ್) ಓಡಿಸಿ. ಒಂದೇ ಐಪಿಗೆ ಎರಡು ಮ್ಯಾಕ್‌ನಿಂದ ಉತ್ತರ ಬಂದರೆ ಮತ್ತೆ ಮಾತಿಲ್ಲ. ಪಿಂಗ್ ಬದಲು ಇದನ್ನೇ ಬಳಸಿ. ವಿಂಡೋಸ್ ಫೈರ್‌ವಾಲ್ ಎಷ್ಟೋ ಕಡೆ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ, ಆದರೆ ಎಆರ್‌ಪಿಗೆ ಉತ್ತರ ಕೊಡಲೇಬೇಕು. ಸರ್ವರ್ ಆಫರ್‌ಗೆ ಮುಂಚೆ ಮಾಡುವ ಪಿಂಗ್ ಪರೀಕ್ಷೆ ವಿಫಲವಾಗುವುದೂ ಇದೇ ಕಾರಣಕ್ಕೆ: ಐಪಿ ಬಳಕೆಯಲ್ಲಿದ್ದರೂ ಖಾಲಿ ಅಂದುಕೊಳ್ಳುತ್ತದೆ.

ವಿಂಡೋಸ್ ಯಂತ್ರವಾದರೆ ಈವೆಂಟ್ ಲಾಗ್‌ನಲ್ಲಿ 4199 ಸಂಖ್ಯೆಯ ದಾಖಲೆ ಇರುತ್ತದೆ. ಎದುರಾಳಿಯ ಮ್ಯಾಕ್ ಕೂಡ ಅದರಲ್ಲೇ ಬರೆದಿರುತ್ತದೆ. ಸರ್ವರ್ ಕಡೆ ಡಿಕ್ಲೈನ್ ಸಂದೇಶ ಹುಡುಕಿ. "ಈ ಐಪಿ ಬೇರೆ ಯಾರೋ ಬಳಸುತ್ತಿದ್ದಾರೆ, ನನಗೆ ಬೇಡ" ಅಂತ ಕ್ಲೈಂಟ್ ಹೇಳುವ ಮಾತು ಅದು. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನಲ್ಲಿ ಇಂಥ ಐಪಿ ಬ್ಯಾಡ್ ಅಡ್ರೆಸ್ ಎಂಬ ಹೆಸರಲ್ಲಿ ಕೂತಿರುತ್ತದೆ, ಐಎಸ್‌ಸಿ ಸರ್ವರ್‌ನಲ್ಲಿ ಅಬ್ಯಾಂಡನ್ಡ್ ಎಂದು.

ಈಗ ಕಾರಣಗಳು.

ಪೂಲ್‌ಗಳು ಒಂದರ ಮೇಲೊಂದು ಬಿದ್ದಿರುವುದು ಎಲ್ಲರಿಗೂ ಹೊಳೆಯುವ ಕಾರಣ. ಕ್ಲೌಡ್ ಪೂಲ್ 200ರಿಂದ 249, ಸಂಸ್ಥೆಯ ಸರ್ವರ್ ಪೂಲ್ 50ರಿಂದ 220. ನಡುವಿನ 21 ವಿಳಾಸಗಳಲ್ಲಿ ಜಗಳ. ಯಾರೋ ಪ್ರಿಂಟರ್‌ಗೆ ಕೈಯಾರೆ 10.20.0.210 ಬರೆದಿದ್ದರೂ ಅಷ್ಟೇ.

ಎರಡನೆಯದು ಎಲ್ಲರನ್ನೂ ಯಾಮಾರಿಸುವಂಥದ್ದು: ಕ್ಲೋನ್ ಮಾಡಿದ ವಿಎಂ. ಮ್ಯಾಕ್ ಬೇರೆ ಬೇರೆ ಇದ್ದರೂ ಎರಡಕ್ಕೂ ಒಂದೇ ಐಪಿ! ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಲಿನಕ್ಸ್‌ಗಳು, ಅಂದರೆ ಉಬುಂಟು ಸರ್ವರ್ 18.04ರಿಂದ ಈಚಿನವೂ ಸೇರಿ, ಡಿಎಚ್‌ಸಿಪಿಗೆ ತಮ್ಮ ಗುರುತು ಹೇಳುವಾಗ ಮ್ಯಾಕ್ ಕೊಡುವುದಿಲ್ಲ. ಮಷೀನ್-ಐಡಿ ಫೈಲ್‌ನಿಂದ ತಯಾರಿಸಿದ ಕ್ಲೈಂಟ್ ಐಡಿ ಕೊಡುತ್ತವೆ. ಟೆಂಪ್ಲೇಟ್‌ನಲ್ಲಿ ಆ ಫೈಲ್ ಹಾಗೇ ಉಳಿದಿದ್ದರೆ ಎಲ್ಲ ಕ್ಲೋನ್‌ಗಳದ್ದೂ ಒಂದೇ ಗುರುತು. ಸರ್ವರ್ ಪಾಲಿಗೆ ಅದು ಒಂದೇ ಯಂತ್ರ, ಹಾಗಾಗಿ ಅದೇ ಐಪಿ ಮತ್ತೆ ಕೊಡುತ್ತದೆ. ಸರ್ವರ್‌ನದ್ದು ತಪ್ಪಿಲ್ಲ.

ಪರೀಕ್ಷೆ ಸುಲಭ. ಎರಡೂ ವಿಎಂಗಳಲ್ಲಿ ಇಟಿಸಿ ಕೆಳಗಿನ ಮಷೀನ್-ಐಡಿ ಫೈಲ್ ಓದಿ, ಒಂದೇ ಇದ್ದರೆ ಸಿಕ್ಕಿಬಿತ್ತು. ಟೆಂಪ್ಲೇಟ್ ಮಾಡುವ ಮುಂಚೆ ಆ ಫೈಲನ್ನು ಖಾಲಿ ಮಾಡಿ. ಅಳಿಸಬೇಡಿ, ಒಳಗಿರುವುದನ್ನು ಮಾತ್ರ ತೆಗೆಯಿರಿ. ಮುಂದಿನ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಡಿಬಸ್‌ನ ಮಷೀನ್-ಐಡಿ ಇದೇ ಫೈಲ್‌ಗೆ ಲಿಂಕ್ ಆಗಿದೆಯೇ ಅಂತಲೂ ನೋಡಿ. ಟೆಂಪ್ಲೇಟ್ ಮುಟ್ಟಲು ಆಗದಿದ್ದರೆ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಎಂಬುದಕ್ಕೆ ಮ್ಯಾಕ್ ಅಂತ ಕೊಟ್ಟರೂ ಆಗುತ್ತದೆ.

ಮೂರನೆಯದು ಸ್ನ್ಯಾಪ್‌ಶಾಟ್. ಮೆಮೊರಿ ಸಮೇತ ಉಳಿಸಿದ ವಿಎಂ ವಾರದ ನಂತರ ಎದ್ದರೆ ತನ್ನ ಹಳೇ ಐಪಿ ಇನ್ನೂ ತನ್ನದೇ ಅಂದುಕೊಂಡಿರುತ್ತದೆ. ಅಷ್ಟರಲ್ಲಿ ಸರ್ವರ್ ಅದನ್ನು ಬೇರೆಯವರಿಗೆ ಕೊಟ್ಟಾಗಿರುತ್ತದೆ. ಹಾಗೆ ಎಬ್ಬಿಸಿದ ಕೂಡಲೇ ಲೀಸ್ ಬಿಟ್ಟು ಹೊಸದಾಗಿ ಕೇಳಿಸುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಯದು, ಡಿಎಚ್‌ಸಿಪಿ ಸರ್ವರ್ ತನ್ನ ಲೀಸ್ ಪಟ್ಟಿಯನ್ನೇ ಮರೆಯುವುದು. ಡಿಎನ್‌ಎಸ್‌ಮಾಸ್ಕ್ ಅಥವಾ ಕೀಯಾ ಎಂಬ ಡಿಎಚ್‌ಸಿಪಿ ಸರ್ವರನ್ನು ಕಂಟೇನರ್‌ನಲ್ಲಿ ಓಡಿಸಿ, ಲೀಸ್ ಫೈಲ್‌ಗೆ ಉಳಿಯುವ ವಾಲ್ಯೂಮ್ ಕೊಡದಿದ್ದರೆ ಕಂಟೇನರ್ ಹೊಸದಾದಾಗೆಲ್ಲ ಸರ್ವರ್ ತಲೆ ಖಾಲಿ. ಯಾರಿಗೆ ಏನು ಕೊಟ್ಟಿತ್ತು ಅನ್ನುವುದೇ ನೆನಪಿರುವುದಿಲ್ಲ. (ಹಳೇ ಐಎಸ್‌ಸಿ ಡಿಎಚ್‌ಸಿಪಿ ಸರ್ವರ್‌ಗೆ 2022ರಲ್ಲೇ ನಿರ್ವಹಣೆ ನಿಂತಿದೆ. ಇನ್ನೂ ಅದೇ ಓಡುತ್ತಿದ್ದರೆ ಈ ನೆಪದಲ್ಲಿ ಕೀಯಾಗೆ ಬದಲಾಯಿಸಿ.)

## ಹಂತ 5: ಜಗಳ ಅನ್ನಿಸುತ್ತದೆ, ಆದರೆ ಅಲ್ಲ

169.254 ವಿಳಾಸ ಬಂದಿದ್ದರೆ ಟ್ಯಾಪ್, ಬ್ರಿಡ್ಜ್, ಫಿಸಿಕಲ್ ಕಾರ್ಡ್ ಮೂರೂ ಕಡೆ ಒಟ್ಟಿಗೆ ಕ್ಯಾಪ್ಚರ್ ಮಾಡಿ. ಪ್ಯಾಕೆಟ್ ಕೊನೆಗೆ ಎಲ್ಲಿ ಕಾಣುತ್ತದೋ ಅದರ ಆಚೆಗೇ ತೊಂದರೆ.

ಬೂಟ್ ಆದಾಗ ಐಪಿ ಸಿಗದೆ, ಅರ್ಧ ನಿಮಿಷ ಬಿಟ್ಟು ಕೈಯಾರೆ ಕೇಳಿದರೆ ಸಿಗುತ್ತದೆಯೇ? ಬ್ರಿಡ್ಜ್‌ನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ನೋಡಿ. ಪೋರ್ಟ್ ಮೇಲೆ ಬಂದ ಮೇಲೆ ಕೇಳುವ ಹಂತ 15 ಸೆಕೆಂಡ್, ಕಲಿಯುವ ಹಂತ 15 ಸೆಕೆಂಡ್. ಅಷ್ಟರಲ್ಲಿ ಕ್ಲೈಂಟ್ ಸೋತು ಸುಮ್ಮನಾಗಿರುತ್ತದೆ. ಒಂದೇ ಫಿಸಿಕಲ್ ಕಾರ್ಡ್ ಇರುವ ಹೋಸ್ಟ್ ಬ್ರಿಡ್ಜ್‌ನಲ್ಲಿ ಅದನ್ನು ಆಫ್ ಮಾಡಿದರೆ ಸಾಕು.

ಡಿಸ್ಕವರ್ ಕಾರ್ಡ್‌ನಿಂದ ಹೊರಟಿದೆ, ಆಫರ್ ವಾಪಸ್ ಬರುತ್ತಿಲ್ಲ ಅಂದರೆ ಸ್ವಿಚ್‌ನ ಪೋರ್ಟ್ ಸೆಕ್ಯುರಿಟಿ ಇರಬಹುದು. ಒಂದು ಪೋರ್ಟ್‌ಗೆ ಒಂದೆರಡೇ ಮ್ಯಾಕ್ ಅಂತ ಮಿತಿ ಹಾಕಿರುತ್ತಾರೆ. ಹತ್ತು ವಿಎಂಗಳ ಮ್ಯಾಕ್ ಕಂಡ ಕೂಡಲೇ ಸ್ವಿಚ್ ಅವುಗಳನ್ನು ತಡೆಯುತ್ತದೆ, ಕೆಲವೊಮ್ಮೆ ಪೋರ್ಟನ್ನೇ ಮುಚ್ಚುತ್ತದೆ. ಆಫರ್ ಕಾರ್ಡ್‌ವರೆಗೆ ಬಂದು ವಿಎಂ ಒಳಗೆ ಹೋಗದಿದ್ದರೆ ಹೈಪರ್‌ವೈಸರ್‌ನ ಫೈರ್‌ವಾಲ್ ಅಥವಾ ಸೆಕ್ಯುರಿಟಿ ಗ್ರೂಪ್. ವಿಎಂ ಒಳಗೆ ವಿಎಂ ಓಡಿಸುತ್ತಿದ್ದರೆ ವಿಎಂವೇರ್ ಪೋರ್ಟ್ ಗ್ರೂಪ್‌ನಲ್ಲಿ ಫೋರ್ಜ್ಡ್ ಟ್ರಾನ್ಸ್‌ಮಿಟ್ ಮತ್ತು ಪ್ರಾಮಿಸ್ಕ್ಯುಯಸ್ ಮೋಡ್ ನೋಡಿ. ಹೋಸ್ಟ್ ವೈಫೈ ಮೇಲಿದ್ದರೆ ಬ್ರಿಡ್ಜ್ ಆಸೆಯನ್ನೇ ಬಿಡಿ, ಸಾಮಾನ್ಯ ವೈಫೈ ಕಾರ್ಡ್‌ಗೆ ಬೇರೆಯವರ ಮ್ಯಾಕ್ ಹೊತ್ತೊಯ್ಯಲು ಬರುವುದಿಲ್ಲ.

## ಹಂತ 6: ತಕ್ಷಣಕ್ಕೆ ತಡೆ

ಕಾರಣ ಗೊತ್ತಾಯಿತು, ಆದರೆ ಶಾಶ್ವತ ಪರಿಹಾರಕ್ಕೆ ಅನುಮತಿ ಬೇಕು, ಸಮಯ ಬೇಕು. ಅಲ್ಲಿಯವರೆಗೆ ಬ್ರಿಡ್ಜ್ ಮಟ್ಟದಲ್ಲಿ ಬಾಗಿಲು ಹಾಕಿ.

ಎರಡು ದಿಕ್ಕು ಯೋಚಿಸಿ. ನಿಮ್ಮ ಕಡೆಯ ಡಿಎಚ್‌ಸಿಪಿ ಉತ್ತರ ಹೊರಗೆ ಹೋಗಬಾರದು: ಫಿಸಿಕಲ್ ಕಾರ್ಡ್ ಮೂಲಕ ಹೊರಹೋಗುವ, ಮೂಲ ಪೋರ್ಟ್ 67 ಇರುವ ಯುಡಿಪಿ ಪ್ಯಾಕೆಟ್ ಬೀಳಿಸಿ. ಕ್ಲೌಡ್‌ಗೆ ತನ್ನದೇ ಸರ್ವರ್ ಇದ್ದರೆ ಹೊರಗಿನ ಉತ್ತರವೂ ಒಳಗೆ ಬರಬಾರದು: ಅದೇ ಕಾರ್ಡ್‌ನಿಂದ ಒಳಬರುವ ಅಂಥದ್ದೇ ಪ್ಯಾಕೆಟ್ ಬೀಳಿಸಿ. ಆದರೆ ಹೋಸ್ಟ್ ತಾನೇ ಹೊರಗಿನ ಡಿಎಚ್‌ಸಿಪಿಯಿಂದ ಐಪಿ ಪಡೆಯುತ್ತಿದ್ದರೆ ಈ ಎರಡನೇ ನಿಯಮವನ್ನು ಫಾರ್ವರ್ಡ್ ಚೈನ್‌ನಲ್ಲಿ ಮಾತ್ರ ಹಾಕಿ, ಇನ್‌ಪುಟ್‌ನಲ್ಲಿ ಬೇಡ. ಇಲ್ಲವಾದರೆ ಹೋಸ್ಟೇ ನೆಟ್‌ವರ್ಕ್‌ನಿಂದ ಹೊರಗೆ ಬೀಳುತ್ತದೆ.

ಐಪಿಟೇಬಲ್ಸ್‌ನಲ್ಲಿ ಬರೆದು "ಕೆಲಸ ಮಾಡುತ್ತಿಲ್ಲ" ಅನ್ನುವವರು ಬಹಳ. ಬ್ರಿಡ್ಜ್ ಮೇಲೆ ಹಾಯುವ ಪ್ಯಾಕೆಟ್ ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಇಲ್ಲದೆ ಐಪಿಟೇಬಲ್ಸ್ ಕಣ್ಣಿಗೆ ಬೀಳುವುದೇ ಇಲ್ಲ. ಅದೂ ಅಲ್ಲದೆ ಐಎಸ್‌ಸಿ ಕ್ಲೈಂಟ್ ಮತ್ತು ಸರ್ವರ್ ಕಚ್ಚಾ ಸಾಕೆಟ್‌ನಿಂದ ಓದುತ್ತವೆ, ಐಪಿಟೇಬಲ್ಸ್ ಬೇಡವೆಂದರೂ ಅವುಗಳಿಗೆ ಪ್ಯಾಕೆಟ್ ಸಿಕ್ಕಿರುತ್ತದೆ. ಹಾಗಾಗಿ ಇಬಿಟೇಬಲ್ಸ್ ಅಥವಾ ಎನ್‌ಎಫ್‌ಟೇಬಲ್ಸ್‌ನ ಬ್ರಿಡ್ಜ್ ಕುಟುಂಬದಲ್ಲೇ ಬರೆಯಿರಿ. ವಿಎಂನಿಂದ ಹೊರಡುವುದಕ್ಕೆ ಫಾರ್ವರ್ಡ್ ಚೈನ್ ಸಾಕು. ಡಿಎನ್‌ಎಸ್‌ಮಾಸ್ಕ್ ಹೋಸ್ಟ್‌ನಲ್ಲೇ ಓಡುತ್ತಿದ್ದರೆ ಅದರ ಪ್ಯಾಕೆಟ್ ಔಟ್‌ಪುಟ್ ಚೈನ್‌ನಲ್ಲಿ ಹೋಗುತ್ತದೆ, ಅಲ್ಲಿಯೂ ಅದೇ ನಿಯಮ ಬೇಕು. ಓಪನ್ ವಿಸ್ವಿಚ್ ಇದ್ದರೆ ಇವೆರಡೂ ನಡೆಯುವುದಿಲ್ಲ, ಓಪನ್‌ಫ್ಲೋ ನಿಯಮವೇ ಹಾಕಬೇಕು. ನ್ಯೂಟ್ರಾನ್‌ನ ಏಜೆಂಟ್ ರೀಸ್ಟಾರ್ಟ್ ಆದಾಗ ಕೈಯಾರೆ ಹಾಕಿದ ನಿಯಮ ಅಳಿಯಬಹುದು, ಆಮೇಲೆ ಒಮ್ಮೆ ನೋಡಿಕೊಳ್ಳಿ.

ನ್ಯೂಟ್ರಾನ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಆನ್ ಇದ್ದರೆ ವಿಎಂ ಡಿಎಚ್‌ಸಿಪಿ ಸರ್ವರ್ ವೇಷ ಹಾಕುವುದನ್ನು ಅದೇ ತಡೆಯುತ್ತದೆ. ಏನೋ ಪ್ರಯೋಗಕ್ಕೆಂದು ಅದನ್ನು ಆಫ್ ಮಾಡಿದ ಪೋರ್ಟ್‌ಗಳ ಪಟ್ಟಿ ತೆಗೆದು ನೋಡಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

## ಹಂತ 7: ಶಾಶ್ವತ ಪರಿಹಾರ

ಮೊದಲ ಆಯ್ಕೆ ಯಾವಾಗಲೂ ಬ್ರಾಡ್‌ಕಾಸ್ಟ್ ವಲಯವನ್ನು ಬೇರೆ ಮಾಡುವುದು. ಒಂದು ವಿಎಲ್ಯಾನ್ (ಅದೇ ಸ್ವಿಚ್‌ನಲ್ಲಿ ಬೇರ್ಪಟ್ಟ ಲ್ಯಾನ್) ಕೇಳಿ ಪಡೆಯಿರಿ. ಡಿಎಚ್‌ಸಿಪಿ ಕೂಗು ವಿಎಲ್ಯಾನ್ ದಾಟುವುದಿಲ್ಲ, ಅಲ್ಲಿಗೆ ಜಗಳದ ಬುಡವೇ ಹೋಯಿತು. ಟ್ರಂಕ್ ಪೋರ್ಟ್‌ನಲ್ಲಿ ಟ್ಯಾಗ್ ಇಲ್ಲದ ನೇಟಿವ್ ವಿಎಲ್ಯಾನ್ ಯಾವುದು ಅಂತ ಮಾತ್ರ ಕೇಳಿಕೊಳ್ಳಿ. ಟ್ಯಾಗ್ ಹಾಕಲು ಮರೆತ ಒಂದು ಬ್ರಿಡ್ಜ್ ಸಾಕು, ಮತ್ತೆ ಹಳೇ ಲ್ಯಾನ್‌ಗೆ ಸೋರುತ್ತದೆ.

ವಿಎಲ್ಯಾನ್ ಕೊಡುವುದಿಲ್ಲ ಅಂದರೆ ಓವರ್‌ಲೇ, ಇದ್ದ ನೆಟ್‌ವರ್ಕ್ ಮೇಲೆಯೇ ಕಟ್ಟುವ ವರ್ಚುವಲ್ ನೆಟ್‌ವರ್ಕ್. ವಿಎಂಗಳೆಲ್ಲ ವಿಎಕ್ಸ್‌ಲ್ಯಾನ್ ಒಳಗಿನ ಖಾಸಗಿ ಸಬ್‌ನೆಟ್‌ನಲ್ಲಿ ಇರಲಿ, ಹೊರಗಿನ ಲ್ಯಾನ್‌ಗೆ ಹೋಸ್ಟ್‌ಗಳ ಐಪಿ ಮಾತ್ರ ಕಾಣಲಿ. ಹೊರಗಿನಿಂದ ತಲುಪಬೇಕಾದ ವಿಎಂಗೆ ಫ್ಲೋಟಿಂಗ್ ಐಪಿ ಕೊಡಿ. ಅದಕ್ಕೆ ಡಿಎಚ್‌ಸಿಪಿಯೇ ಬೇಕಿಲ್ಲ, ರೌಟರ್ ನ್ಯಾಟ್ (ವಿಳಾಸ ಬದಲಿಸಿ ದಾಟಿಸುವುದು) ಮಾಡುತ್ತದೆ. ವಿಎಕ್ಸ್‌ಲ್ಯಾನ್ 50 ಬೈಟ್ ತಿನ್ನುತ್ತದೆ, ಹಾಗಾಗಿ ಹೊರಗಿನ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇದ್ದರೆ ವಿಎಂ ಒಳಗೆ 1450 ಇರಬೇಕು. ಓಪನ್‌ಸ್ಟ್ಯಾಕ್‌ನಲ್ಲಿ ಓವಿಎನ್ (ಓಪನ್ ವಿಸ್ವಿಚ್ ಮೇಲೆ ಕಟ್ಟಿದ ವರ್ಚುವಲ್ ನೆಟ್‌ವರ್ಕ್ ವ್ಯವಸ್ಥೆ) ಇದ್ದರೆ ಇನ್ನೂ ಒಳ್ಳೆಯದು, ಡಿಎಚ್‌ಸಿಪಿ ಉತ್ತರ ಆಯಾ ಹೋಸ್ಟ್‌ನಲ್ಲೇ ತಯಾರಾಗುತ್ತದೆ, ಲ್ಯಾನ್‌ಗೆ ಬರುವುದೇ ಇಲ್ಲ. ಖಾಸಗಿ ಸಬ್‌ನೆಟ್ ಆರಿಸುವಾಗ 192.168.122 ಮತ್ತು ಡಾಕರ್‌ನ 172.17 ಎರಡನ್ನೂ ಬಿಟ್ಟುಬಿಡಿ.

ಎರಡೂ ಆಗದೆ ಒಂದೇ ಲ್ಯಾನ್‌ನಲ್ಲಿ ಬದುಕಬೇಕಾದರೆ, ಐಪಿ ಹಂಚುವವರು ಒಬ್ಬರೇ ಅಂತ ಮಾತಾಡಿ ತೀರ್ಮಾನಿಸಿ. ಬಹುತೇಕ ಅದು ಸಂಸ್ಥೆಯ ಸರ್ವರೇ ಆಗಿರುತ್ತದೆ, ಆಗಿರಲಿ. ನಿಮ್ಮ ಕ್ಲೌಡ್ ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಅವರ ಸರ್ವರ್‌ನಲ್ಲಿ 200ರಿಂದ 249 ಹೊರಗಿಡಲು ಹೇಳಿ, ನಿಮ್ಮ ಅಲೊಕೇಶನ್ ಪೂಲ್ ಅಷ್ಟಕ್ಕೇ ಸೀಮಿತ ಮಾಡಿ, ವಿಎಂ ಒಳಗೆ ಐಪಿ ಬರೆಯುವ ಕೆಲಸವನ್ನು ಕ್ಲೌಡ್-ಇನಿಟ್‌ಗೆ (ಮೊದಲ ಬೂಟ್‌ನಲ್ಲಿ ವಿಎಂ ಸಜ್ಜು ಮಾಡುವ ಸಾಧನ) ಕಾನ್‌ಫಿಗ್ ಡ್ರೈವ್ ಮೂಲಕ ಕೊಡಿ. ಹೊರಗಿಟ್ಟ ರೇಂಜ್ ಎಲ್ಲಾದರೂ ಬರೆದಿಡಿ, ಮಾತಿನಲ್ಲಿ ಆದ ಒಪ್ಪಂದ ಆ ಅಡ್ಮಿನ್ ಬದಲಾದ ದಿನ ಮುಗಿಯುತ್ತದೆ. ಡಿಎಚ್‌ಸಿಪಿ ಆಫ್ ಮಾಡಿಯೂ ವಿಎಂ ಒಳಗೆ ಡಿಎಚ್‌ಸಿಪಿ ಕ್ಲೈಂಟ್ ಬಿಟ್ಟರೆ, ಅದು ಹೊರಗಿನ ಸರ್ವರ್‌ನಿಂದ ಐಪಿ ತಂದುಕೊಳ್ಳುತ್ತದೆ. ನ್ಯೂಟ್ರಾನ್ ಆ ಐಪಿಯನ್ನು ಸ್ಪೂಫಿಂಗ್ ಅಂದುಕೊಂಡು ತಡೆಯುತ್ತದೆ. ಐಪಿ ಇದೆ, ಆದರೆ ಏನೂ ಓಡುತ್ತಿಲ್ಲ ಅನ್ನುವ ಸ್ಥಿತಿ.

ಸ್ವಿಚ್ ನೋಡಿಕೊಳ್ಳುವವರ ಬಳಿ ಡಿಎಚ್‌ಸಿಪಿ ಸ್ನೂಪಿಂಗ್ ಬಗ್ಗೆಯೂ ಕೇಳಿ. ಅಸಲಿ ಸರ್ವರ್ ಇರುವ ಪೋರ್ಟ್ ಮಾತ್ರ ನಂಬಿಕಸ್ಥ, ಉಳಿದ ಪೋರ್ಟ್‌ಗಳಿಂದ ಬರುವ ಆಫರ್ ಸ್ವಿಚ್ಚೇ ಬೀಳಿಸುತ್ತದೆ. ಆದರೆ ಅದರ ಜೊತೆ ಎಆರ್‌ಪಿ ತಪಾಸಣೆಯನ್ನೂ ಆನ್ ಮಾಡಿದರೆ, ಕೈಯಾರೆ ಐಪಿ ಕೊಟ್ಟ ನಿಮ್ಮ ವಿಎಂಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ, ಏಕೆಂದರೆ ಅವುಗಳ ಹೆಸರು ಸ್ನೂಪಿಂಗ್ ಪಟ್ಟಿಯಲ್ಲಿ ಇರುವುದಿಲ್ಲ. ಅವುಗಳನ್ನು ಮೊದಲೇ ಪಟ್ಟಿಗೆ ಸೇರಿಸಲು ಹೇಳಿ.

ಐಪಿವಿ6 ಆನ್ ಇರುವ ಲ್ಯಾನ್‌ನಲ್ಲಿ ಇದೇ ನಾಟಕ ರೌಟರ್ ಅಡ್ವರ್ಟೈಸ್‌ಮೆಂಟ್ (ಆರ್‌ಎ) ಹೆಸರಲ್ಲಿ ನಡೆಯುತ್ತದೆ. ಐಸಿಎಂಪಿವಿ6 ಬಗೆ 134 ಹಿಡಿದು ನೋಡಿ, ತಡೆಗೆ ಸ್ವಿಚ್‌ನಲ್ಲಿ ಆರ್‌ಎ ಗಾರ್ಡ್ ಇರುತ್ತದೆ.

## ಹಂತ 8: ನಿಜಕ್ಕೂ ಸರಿಯಾಯಿತೇ?

ಒಂದು ವಿಎಂಗೆ ಸರಿಯಾದ ಐಪಿ ಬಂದ ಕೂಡಲೇ ಕೆಲಸ ಮುಗಿಯಿತು ಅನ್ನಬೇಡಿ. ತಪ್ಪು ಲೀಸ್ ಹಿಡಿದ ಯಂತ್ರಗಳು ಇನ್ನೂ ಇವೆ, ಅವು ಬಿಟ್ಟುಕೊಡುವವರೆಗೆ ಆ ಐಪಿಗಳಲ್ಲಿ ಜಗಳ ಉಳಿದೇ ಇರುತ್ತದೆ. ಕೈಗೆ ಸಿಗುವ ಯಂತ್ರಗಳಲ್ಲಿ ಲೀಸ್ ಬಿಟ್ಟು ಹೊಸದು ಪಡೆಯಿರಿ. ಉಳಿದವಕ್ಕೆ ತಪ್ಪು ಸರ್ವರ್ ಕೊಟ್ಟಿದ್ದ ಲೀಸ್ ಅವಧಿ ಪೂರ್ತಿ ಕಳೆಯುವವರೆಗೆ ಕ್ಯಾಪ್ಚರ್ ಓಡುತ್ತಿರಲಿ, ಸರ್ವರ್‌ನಿಂದ ಬರುವ ಉತ್ತರಗಳನ್ನಷ್ಟೇ ಫೈಲ್‌ಗೆ ಬರೆಸಿದರೆ ಸಾಕು.

ಆಮೇಲೆ ಒಂದು ಸಣ್ಣ ಕಾವಲು. ಎನ್‌ಮ್ಯಾಪ್‌ನ ಅದೇ ಸ್ಕ್ರಿಪ್ಟನ್ನು ಕ್ರಾನ್‌ನಲ್ಲಿ ಗಂಟೆಗೊಮ್ಮೆ ಓಡಿಸಿ. ಬಂದ ಸರ್ವರ್ ಐಡಿ ನಿಮಗೆ ಗೊತ್ತಿರುವುದಲ್ಲದಿದ್ದರೆ ಮೇಲ್ ಬರಲಿ. ಮಾಸ್ (ಫಿಸಿಕಲ್ ಸರ್ವರ್‌ಗಳನ್ನು ಸಜ್ಜು ಮಾಡುವ ಸಾಧನ) ಬಳಸುವವರಿಗೆ ಬೇರೆ ಡಿಎಚ್‌ಸಿಪಿ ಸರ್ವರ್ ಕಂಡರೆ ಅದೇ ಎಚ್ಚರಿಸುತ್ತದೆ. ಹೊಸ ಹೋಸ್ಟ್ ಸೇರಿಸಿದಾಗ, ಬ್ರಿಡ್ಜ್ ಮುಟ್ಟಿದಾಗ, ಟೆಂಪ್ಲೇಟ್ ಬದಲಿಸಿದಾಗ ಕ್ರಾನ್‌ಗೆ ಕಾಯದೆ ಒಮ್ಮೆ ಕೈಯಾರೆ ಓಡಿಸಿ. ಟೆಂಪ್ಲೇಟ್ ಬದಲಾಗಿದ್ದರೆ ಅದರಿಂದ ಎರಡು ವಿಎಂ ಎಬ್ಬಿಸಿ, ಎರಡರ ಐಪಿಯನ್ನೂ ಮಷೀನ್-ಐಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಉಳಿದವರ ಕೈಗೆ ಕೊಡಿ.